ನಕ್ಷೆ ಮೊದಲೋ, ಬರಹ ಮೊದಲೋ

ನನ್ನ ಮೇಜಿನ ಖಾನೆಯಲ್ಲಿ ಹಸಿರು ಪ್ಲಾಸ್ಟಿಕ್ಕಿನ, ಅಂಗೈಯಗಲದ ಒಂದು ಪಟ್ಟಿಯಿದೆ. ಚೌಕ, ವಜ್ರಾಕೃತಿ, ವೃತ್ತಗಳ ತೂತುಗಳನ್ನು ಅದರಲ್ಲಿ ಕೊರೆದಿದ್ದಾರೆ. 1979ರಲ್ಲಿ ನಾನು ಗಣಕಯಂತ್ರದ ಕೆಲಸಕ್ಕೆ ಸೇರಿದಾಗ ಕಚೇರಿಯವರು ಕೊಟ್ಟದ್ದು. ಪ್ರತಿಯೊಂದು ಪ್ರೋಗ್ರಾಮಿನ ಜೊತೆಗೂ ಅದರ ನಡೆಯನ್ನು ತೋರಿಸುವ ನಕ್ಷೆಯನ್ನು, ಎಂದರೆ ಫ್ಲೋ ಚಾರ್ಟನ್ನು, ಒಪ್ಪಿಸತಕ್ಕದ್ದೆಂದು ನಿಯಮ. ಮೊದಲು ನಕ್ಷೆ, ಆಮೇಲೆ ಬರಹ ಎಂಬುದು ಶಾಸ್ತ್ರ. ಆಚರಣೆಯಲ್ಲಿ ನಾವೆಲ್ಲ ಮೊದಲು ಬರೆದು, ಅದು ಸರಿಯಾಗಿ ಓಡಿದ ಮೇಲೆ ರಾತ್ರಿ ಕುಳಿತು ನಕ್ಷೆಯನ್ನು ತೀಡುತ್ತಿದ್ದೆವು. ಮದುವೆಯಾದ ಮೇಲೆ ಜಾತಕ ಬರೆಸಿದ ಹಾಗೆ!

ಅದರ ಫಲವನ್ನೂ ಉಂಡೆ. ಸಂಬಳದ ಪಟ್ಟಿಯ ಪ್ರೋಗ್ರಾಮಿನಲ್ಲಿ ತುಟ್ಟಿಭತ್ಯೆ ಮತ್ತು ಭವಿಷ್ಯನಿಧಿಯ ಲೆಕ್ಕಗಳ ಕ್ರಮವನ್ನು ಕೊನೆಯ ಗಳಿಗೆಯಲ್ಲಿ ಅದಲುಬದಲು ಮಾಡಿದ್ದೆ. ನಕ್ಷೆಯಲ್ಲಿ ಹಳೆಯ ಕ್ರಮವೇ ಉಳಿಯಿತು. ನನ್ನ ನಂತರ ಬಂದ ತರುಣನೊಬ್ಬ ಆ ನಕ್ಷೆಯನ್ನು ನಂಬಿ ಹೊಸ ನಿಯಮವೊಂದನ್ನು ಸೇರಿಸಿದ. ಆ ತಿಂಗಳು ಕಾರ್ಮಿಕರ ಕಡಿತವೆಲ್ಲ ತಪ್ಪಾಯಿತು. ಸಂಬಳದ ಚೀಟಿ ಹಿಡಿದು ಸಾಲಾಗಿ ನಿಂತಿದ್ದವರ ಮುಖಗಳು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ಬೈಸಿಕೊಂಡವನು ಆ ತರುಣ, ನಾನು ಸುಮ್ಮನಿದ್ದೆ.

ಈ ನಕ್ಷೆಗಳ ಚರಿತ್ರೆ ಗಣಕಯಂತ್ರದ ಚರಿತ್ರೆಯಷ್ಟೇ ಹಳೆಯದು. 1947ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ ಅವರು ಬರೆದ ವರದಿಗಳಲ್ಲಿ ಪ್ರವಾಹನಕ್ಷೆಗಳು ವಿಸ್ತಾರವಾಗಿ ಬಂದವು. ಬುದ್ಧಿಯ ಕೆಲಸವೆಲ್ಲ ನಕ್ಷೆಯಲ್ಲಿಯೇ ಮುಗಿಯುತ್ತದೆ, ಅದನ್ನು ಯಂತ್ರದ ಸಂಕೇತಗಳಿಗೆ ಇಳಿಸುವುದು ಬಹುಮಟ್ಟಿಗೆ ಯಾಂತ್ರಿಕ ಎಂಬುದು ಅವರ ನಿರೀಕ್ಷೆ. ಅಷ್ಟು ಸುಲಭವೇನೂ ಆಗಲಿಲ್ಲ. ಮರುವರ್ಷ ಎನಿಯಾಕ್ ಯಂತ್ರದ ಮೇಲೆ ಅಣುಗಣನೆಗಳನ್ನು ಓಡಿಸಿದಾಗ ಆ ಇಳಿಸುವ ಕೆಲಸಕ್ಕೆ ಬಹುಪಾಲು ಹೆಗಲು ಕೊಟ್ಟವಳು ನಾಯ್ಮನ್ನರ ಪತ್ನಿ ಕ್ಲಾರಾ. ಅವಳ ದುಡಿಮೆಯನ್ನು ಚರಿತ್ರಕಾರರು ಗಮನಿಸಲು ದಶಕಗಳೇ ಬೇಕಾದವು.

1959ರ ವೇಳೆಗೆ ನಮ್ಮ ಕಚೇರಿಯ ಕಳ್ಳಹಾದಿಗೆ ಶಾಸ್ತ್ರೋಕ್ತ ರೂಪವೇ ಬಂದಿತು. ಫೋರ್ಟ್ರಾನ್ ಭಾಷೆಯನ್ನು ರೂಪಿಸಿದ ತಂಡದಲ್ಲಿದ್ದ ಲೋಯಿಸ್ ಹೈಬ್ಟ್, ಬರೆದು ಮುಗಿದ ಪ್ರೋಗ್ರಾಮನ್ನು ಓದಿ ಹಲವು ಸ್ತರಗಳ ನಕ್ಷೆಯನ್ನು ತಾನೇ ಬಿಡಿಸುವ ಪ್ರೋಗ್ರಾಮೊಂದನ್ನು ಪ್ರಕಟಿಸಿದರು. ಬರಹದಿಂದಲೇ ಹುಟ್ಟಿದ ನಕ್ಷೆ ನನ್ನ ನಕ್ಷೆಯಂತೆ ಹಳತಾಗಿ ಉಳಿಯುವುದಿಲ್ಲ, ನಿಜ. ಆದರೆ ಬರೆದವನ ಉದ್ದೇಶ ಏನಿತ್ತೆಂಬುದು ಅದಕ್ಕೆ ತಿಳಿಯದು.

ಐಬಿಎಂನ ದೊಡ್ಡ ಯಂತ್ರವ್ಯವಸ್ಥೆಯೊಂದನ್ನು ಕಟ್ಟಿಸಿದ ಫ್ರೆಡ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ, ಅನುಭವಿಗಳು ವಿವರವಾದ ನಕ್ಷೆಯನ್ನು ವಾಡಿಕೆಯಾಗಿ ಮೊದಲೇ ಬರೆಯುವುದನ್ನು ತಾವು ಕಂಡೇ ಇಲ್ಲವೆಂದು ಒಪ್ಪಿಕೊಂಡರು. ಅದನ್ನೋದಿ ನನಗಾದ ಸಮಾಧಾನ ಅಷ್ಟಿಷ್ಟಲ್ಲ! 1986ರಲ್ಲಿ ಅವರು ಇನ್ನೂ ಮುಂದೆ ಹೋದರು. ಮನೆಗೆ ನೆಲವಿದೆ, ಅದರ ನಕ್ಷೆ ಕಾಗದದ ಮೇಲೆ ಕೂಡುತ್ತದೆ. ತಂತ್ರಾಂಶಕ್ಕೆ ನೆಲವೇ ಇಲ್ಲ. ನಿಯಂತ್ರಣದ ಹರಿವು ಒಂದು ಚಿತ್ರ, ಮಾಹಿತಿಯ ಹರಿವು ಇನ್ನೊಂದು, ಯಾವುದು ಯಾವುದನ್ನು ನೆಚ್ಚಿಕೊಂಡಿದೆ ಎಂಬುದು ಮತ್ತೊಂದು. ಇವು ಒಂದರ ಮೇಲೊಂದು ಕೂಡುವುದಿಲ್ಲ. 1997ರಲ್ಲಿ ಯುಎಂಎಲ್ ಎಂಬ ಹೆಸರಿನಿಂದ ಬಂದ ಸರ್ವಸಮ್ಮತ ಚಿತ್ರಲಿಪಿಯೂ ಈ ತೊಡಕನ್ನು ಪೂರ್ತಿ ಬಿಡಿಸಲಿಲ್ಲ.

ನನ್ನನ್ನು ಹೆಚ್ಚು ಕಾಡಿದವರು ಡೆನ್ಮಾರ್ಕಿನ ಪೀಟರ್ ನೌರ್. 1985ರ ಅವರ ಪ್ರಬಂಧದಲ್ಲಿ ಒಂದು ಪ್ರಸಂಗ ಬರುತ್ತದೆ. ಒಂದು ತಂಡ ಕಟ್ಟಿದ ಪ್ರೋಗ್ರಾಮನ್ನು ಇನ್ನೊಂದು ತಂಡ ವಿಸ್ತರಿಸಬೇಕಿತ್ತು. ಮೂಲ ಬರಹ, ಟಿಪ್ಪಣಿ, ಸಲಹೆ ಎಲ್ಲವನ್ನೂ ಕೊಟ್ಟರು. ಆದರೂ ಎರಡನೆಯ ತಂಡದವರು ಸೂಚಿಸಿದ ಮಾರ್ಪಾಟುಗಳಲ್ಲಿ ಹಲವು, ಒಳಗಿದ್ದ ಅನುಕೂಲವನ್ನು ಕಾಣದೆ ಹೊರಗಿನಿಂದ ಹಚ್ಚಿದ ತೇಪೆಗಳಾಗಿದ್ದವು. ಮೊದಲ ತಂಡದವರಿಗೆ ಮಾತ್ರ ಅದು ನೋಡಿದೊಡನೆ ತಿಳಿಯುತ್ತಿತ್ತು. ಪ್ರೋಗ್ರಾಮಿನ ತಿರುಳಾದ ಅರಿವು ಅದನ್ನು ಕಟ್ಟಿದವರ ಮನಸ್ಸಿನಲ್ಲಿರುತ್ತದೆ, ಕಾಗದಗಳು ಅದನ್ನು ಪೂರ್ತಿ ಹೊರಲಾರವು ಎಂಬುದು ನೌರ್ ಅವರ ವಾದ.

ಹಾಗಾದರೆ ಕಟ್ಟಿದವರು ಯಾರೂ ಇಲ್ಲದಿದ್ದರೆ? ನನ್ನ ಮಗಳು ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸದವಳು. ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಕೃತಕ ಬುದ್ಧಿಯ ಸಹಾಯಕವೊಂದು ಅವಳಿಗೆ ಪುಟಗಟ್ಟಲೆ ಬರೆದುಕೊಡುತ್ತದೆ. ಪ್ರಿನ್ಸ್‌ಟನ್ನಿನವರು ನಿರೀಕ್ಷಿಸಿದ ಯಾಂತ್ರಿಕ ಲಿಪಿಕಾರ ಕೊನೆಗೂ ಸಿಕ್ಕನೆಂದುಕೊಂಡೆ. “ನೋಡಪ್ಪ, ನಕ್ಷೆಯನ್ನೂ ಅದೇ ಕೊಡುತ್ತದೆ” ಎಂದು ಅವಳು ತೋರಿಸಿದಳು. 2014ರಲ್ಲಿ ಬಂದ ಮರ್ಮೇಡ್ ಎಂಬ ಸಾಧನದಲ್ಲಿ, ಈ ಪೆಟ್ಟಿಗೆಯಿಂದ ಆ ಪೆಟ್ಟಿಗೆಗೆ ಬಾಣ ಎಂದು ಅಕ್ಷರಗಳಲ್ಲಿ ಬರೆದರೆ ಸಾಕು, ಚಿತ್ರ ಮೂಡುತ್ತದೆ. ಪದಗಳಲ್ಲಿಯೇ ಬದುಕುವ ಯಂತ್ರಕ್ಕೆ ಇದು ನೀರು ಕುಡಿದಷ್ಟು ಸುಲಭ. ನಕ್ಷೆ ನನ್ನವುಗಳಿಗಿಂತ ಬಹಳ ಅಂದವಾಗಿತ್ತು. ಅಂದವಾಗಿದ್ದುದೇ ನನ್ನ ಸಂಶಯಕ್ಕೆ ಕಾರಣ.

ಸಂಬಳದ ಪಟ್ಟಿಯ ಕಥೆಯನ್ನು ಅವಳಿಗೆ ಅಂದು ಮೊದಲ ಬಾರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ನಕ್ಷೆಯನ್ನು ಮರೆಮಾಡಿ, ಹಳೆಯ ಲಕೋಟೆಯ ಬೆನ್ನಿನ ಮೇಲೆ ಪೆನ್ಸಿಲಿನಿಂದ ತಾನೇ ಬಿಡಿಸಲು ಕುಳಿತಳು. ಅರ್ಧಕ್ಕೇ ಪೆನ್ಸಿಲು ನಿಂತಿತು. ಹಣ ಪಾವತಿಯಾಗದೆ ಹಿಂದಿರುಗಿದರೆ ಮುಂದೆ ಎಲ್ಲಿಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮೂಲ ಬರಹವನ್ನು ಸಾಲುಸಾಲಾಗಿ ಓದಿ ಮುಗಿಸುವಷ್ಟರಲ್ಲಿ ರಾತ್ರಿ ಹನ್ನೊಂದಾಯಿತು. ಆಮೇಲೆ ಎರಡು ನಕ್ಷೆಗಳನ್ನೂ ಪಕ್ಕಪಕ್ಕದಲ್ಲಿಟ್ಟೆವು. ಮೂರು ಕಡೆ ವ್ಯತ್ಯಾಸವಿತ್ತು. ಒಂದರಲ್ಲಿ ತಪ್ಪು ಅವಳದು. ಇನ್ನೊಂದರಲ್ಲಿ ಬರಹದಲ್ಲಿಲ್ಲದ ಬಾಣವೊಂದನ್ನು ಯಂತ್ರ ಎಳೆದಿತ್ತು. ಮೂರನೆಯದರಲ್ಲಿ ನಕ್ಷೆಗಳೆರಡೂ ತಮ್ಮ ಮಟ್ಟಿಗೆ ಸರಿ. ಅಲ್ಲಿ ತಪ್ಪಿದ್ದುದು ಪ್ರೋಗ್ರಾಮಿನಲ್ಲಿಯೇ. ಅದನ್ನು ತಿದ್ದಿಯೇ ಅವಳು ಊಟಕ್ಕೆ ಎದ್ದಳು.