ಲಾಮಾ, ಅಲ್ಪಾಕಗಳನ್ನು ಕಾಡುವ ವೈರಾಣು ರೋಗಗಳು

ಲಾಮಾ ಮತ್ತು ಅಲ್ಪಾಕಗಳು ಒಂಟೆಯ ಕುಲಕ್ಕೆ ಸೇರಿದ, ಆದರೆ ಡುಬ್ಬವಿಲ್ಲದ ಸಾಕುಪ್ರಾಣಿಗಳು. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಶ್ರೇಣಿಯಲ್ಲಿ, ಮುಖ್ಯವಾಗಿ ಪೆರು ಮತ್ತು ಬೊಲಿವಿಯಾ ದೇಶಗಳಲ್ಲಿ, ಲಾಮಾವನ್ನು ಹೊರೆ ಹೊರಲೂ ಅಲ್ಪಾಕವನ್ನು ಉಣ್ಣೆಗಾಗಿಯೂ ಸಾವಿರಾರು ವರ್ಷಗಳಿಂದ ಸಾಕುತ್ತ ಬಂದಿದ್ದಾರೆ. 20ನೆಯ ಶತಮಾನದ ಕೊನೆಯ ದಶಕಗಳಲ್ಲಿ ಇವು ದೊಡ್ಡ ಸಂಖ್ಯೆಯಲ್ಲಿ ಉತ್ತರ ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳನ್ನು ಸೇರಿ ದನಕುರಿಗಳ ನೆರೆಯಲ್ಲಿ ಬಾಳತೊಡಗಿದವು. ಆ ನೆರೆಯವರ ಕೆಲವು ರೋಗಗಳು ಇವಕ್ಕೂ ತಗುಲುತ್ತವೆ.

ನಮ್ಮ ರೈತರನ್ನು ಕಂಗೆಡಿಸುವ ಕಾಲುಬಾಯಿ ಜ್ವರವು ಇವುಗಳಿಗೆ ಸುಲಭವಾಗಿ ಅಂಟುವುದಿಲ್ಲ. ರೇಬೀಸ್ ಮಾತ್ರ ಇಲ್ಲಿಯೂ ಮಾರಕವೇ. ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಾಣು ನರಮಂಡಲವನ್ನು ಹೊಕ್ಕು ಪ್ರಾಣಿಯನ್ನು ನಿಲ್ಲಲಾರದಂತೆ ಮಾಡಬಲ್ಲದು. 2007ರಲ್ಲಿ ಅಮೆರಿಕದ ಅಲ್ಪಾಕಗಳಲ್ಲಿ ಉಸಿರಾಟದ ರೋಗ ಹಬ್ಬಿದಾಗ ಪತ್ತೆಯಾದ ಕೊರೋನಾ ವೈರಾಣುವು ಮನುಷ್ಯರಿಗೆ ನೆಗಡಿ ತರುವ 229ಇ ಎಂಬ ವೈರಾಣುವಿನ ಹತ್ತಿರದ ಸಂಬಂಧಿಯಾಗಿತ್ತು.

ಸಾಕುವವರನ್ನು ಎಲ್ಲಕ್ಕಿಂತ ಹೆಚ್ಚು ವಂಚಿಸುವುದು ಬೋವೈನ್ ವೈರಲ್ ಡಯೇರಿಯಾ, ಅಂದರೆ ಬಿ.ವಿ.ಡಿ. ಹೆಸರಿಗೆ ಇದು ದನಗಳ ಭೇದಿ. ಬೆಳೆದ ಅಲ್ಪಾಕಕ್ಕೆ ತಗುಲಿದರೆ ಒಂದಿಷ್ಟು ಜ್ವರ, ಮಂಕು. ಎಷ್ಟೋ ಸಲ ಅದೂ ಕಾಣದು. ಅಪಾಯವಿರುವುದು ಗಬ್ಬದ ಹೆಣ್ಣಿಗೆ. ಸುಮಾರು ಹನ್ನೊಂದೂವರೆ ತಿಂಗಳ ಗರ್ಭಾವಧಿಯ ಮೊದಲ ಭಾಗದಲ್ಲಿ ವೈರಾಣುವು ಭ್ರೂಣವನ್ನು ಮುಟ್ಟಿದರೆ ಗರ್ಭಪಾತವಾಗಬಹುದು. ಇಲ್ಲವೇ ಇನ್ನೂ ಬಲಿಯದ ಭ್ರೂಣದ ರಕ್ಷಣಾವ್ಯವಸ್ಥೆಯು ವೈರಾಣುವನ್ನು ತನ್ನದೇ ಅಂಶವೆಂದು ಒಪ್ಪಿಕೊಂಡುಬಿಡಬಹುದು. ಹಾಗೆ ಹುಟ್ಟಿದ ಮರಿ ಅದರ ವಿರುದ್ಧ ಎಂದೂ ಹೋರಾಡದು. ಬದುಕಿರುವಷ್ಟು ಕಾಲವೂ ಉಸಿರು, ಜೊಲ್ಲು, ಸಗಣಿಗಳಲ್ಲಿ ವೈರಾಣುವನ್ನು ಚೆಲ್ಲುತ್ತಿರುತ್ತದೆ. ಇಂಥ ಮರಿಗಳಲ್ಲಿ ಹಲವು ಸೊರಗಿ, ಬಿಡದ ಭೇದಿ, ಶ್ವಾಸಕೋಶದ ಉರಿಯೂತಗಳಿಂದ ಸಾಯುತ್ತವೆ. ಕೆಲವು ಮೊದಲ ತಿಂಗಳುಗಳಲ್ಲಿ ಆರೋಗ್ಯವಾಗಿಯೇ ಕಾಣುತ್ತವೆ; ಹಿಂಡಿಗೆ ಹೆಚ್ಚಿನ ಕೇಡು ಇವುಗಳಿಂದಲೇ.

ಉತ್ತರ ಅಮೆರಿಕದಲ್ಲಿ ರೋಗ ಹರಡಿದ ದಾರಿ ಸಾಕಣೆಯ ರೂಢಿಯೊಳಗೇ ಇತ್ತು. ಮರಿ ಹಾಕಿದ ಕೆಲವೇ ವಾರಗಳಲ್ಲಿ ತಾಯಿಯನ್ನು ಒಳ್ಳೆಯ ಗಂಡಿರುವ ಬೇರೊಂದು ಸಾಕಣೆಗೆ ಕೊಂಡೊಯ್ಯುತ್ತಾರೆ. ಹಾಲು ಕುಡಿಯುವ ಮರಿಯೂ ಜೊತೆಗೆ ಹೋಗುತ್ತದೆ. ಅಲ್ಲಿರುವ ಗಬ್ಬದ ಹೆಣ್ಣುಗಳಿಗೆ ಅದರಿಂದ ಸೋಂಕು ತಗುಲಿದರೆ, ಮರುವರ್ಷ ಅಲ್ಲಿಯೂ ಅಂಥ ಮರಿಗಳು ಹುಟ್ಟಬಹುದು.

ಈ ಮರಿಗಳಿಗೆ ಚಿಕಿತ್ಸೆಯಿಲ್ಲ. ಪತ್ತೆಗೆ ಪ್ರತಿಕಾಯಗಳನ್ನು ಹುಡುಕಿದರೆ ಸಾಲದು, ಏಕೆಂದರೆ ಅವು ಈ ವೈರಾಣುವಿಗೆ ಪ್ರತಿಕಾಯವನ್ನೇ ತಯಾರಿಸುವುದಿಲ್ಲ. ರಕ್ತದಲ್ಲಿ ವೈರಾಣುವನ್ನೇ ಪಿಸಿಆರ್ ಪರೀಕ್ಷೆಯಿಂದ ಹುಡುಕಬೇಕು. ಗಬ್ಬದ ಹೆಣ್ಣನ್ನು ಕೊಂಡವರಿಗೆ ತಾಯಿಯ ಪರೀಕ್ಷೆಯೊಂದೇ ಭರವಸೆಯಾಗದು. ಮರಿ ಹುಟ್ಟಿದ ಮೇಲೆ ಅದನ್ನೂ ಪರೀಕ್ಷಿಸಿ, ಫಲಿತಾಂಶ ಬರುವವರೆಗೆ ಇಬ್ಬರನ್ನೂ ಹಿಂಡಿನಿಂದ ದೂರವಿರಿಸುತ್ತಾರೆ.