ಪಾಸ್‌ಪೋರ್ಟ್‌ನ ಕೊನೇ ಪುಟ: ಅಮ್ಮನದೊಂದು ಸರ್‌ನೇಮ್, ಮಗುವಿನದೊಂದು

"ಈ ಮಗು ನಿಮಗೇನಾಗಬೇಕು?" ಮಗುವನ್ನು ಕರ್ಕೊಂಡು ಒಬ್ಬರೇ ವಿದೇಶಕ್ಕೆ ಹೊರಟ ಎಷ್ಟೋ ಅಮ್ಮಂದಿರು ಇಮಿಗ್ರೇಷನ್ ಕೌಂಟರ್‌ನಲ್ಲಿ ಈ ಪ್ರಶ್ನೆ ಎದುರಿಸಿರ್ತಾರೆ. ಇಬ್ಬರ ಪಾಸ್‌ಪೋರ್ಟ್‌ನಲ್ಲೂ ಸರ್‌ನೇಮ್ ಬೇರೆ ಬೇರೆ, ಅಷ್ಟೇ ಕಾರಣ. ಎದುರಿಗಿರೋ ಅಧಿಕಾರಿಯನ್ನ ಮನಸ್ಸಲ್ಲೇ ಬೈದುಕೊಳ್ಳೋದು ಸುಲಭ. ಆದರೆ ಆ ಪ್ರಶ್ನೆಗೂ ಒಂದು ಇತಿಹಾಸ ಇದೆ. ಅದು ನಾವಂದುಕೊಂಡಷ್ಟು ಹಳೆಯದಲ್ಲ.

ಪಾಸ್‌ಪೋರ್ಟ್ ಈಗಿನ ಪುಸ್ತಕದ ರೂಪಕ್ಕೆ ಬಂದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. 1920ರಲ್ಲಿ ಲೀಗ್ ಆಫ್ ನೇಷನ್ಸ್ ಪ್ಯಾರಿಸ್‌ನಲ್ಲಿ ಸಭೆ ನಡೆಸಿ, ಎಲ್ಲ ದೇಶದ್ದೂ ಹೆಚ್ಚುಕಡಿಮೆ ಒಂದೇ ಥರ ಇರಲಿ ಅಂತ 32 ಪುಟದ ಒಂದು ಮಾದರಿ ಕೊಟ್ಟಿತು. ಆಗ ಅದು ಒಬ್ಬರ ಪುಸ್ತಕ ಆಗಿರಲಿಲ್ಲ, ಸಂಸಾರದ ಪುಸ್ತಕ ಆಗಿತ್ತು. ಮೇಲೆ ಗಂಡನ ಹೆಸರು, ಒಳಗೆ ಹೆಂಡತಿ, ಕೆಳಗೆ ಮಕ್ಕಳ ಹೆಸರು, ಹುಟ್ಟಿದ ದಿನ. ನಮ್ಮ ಹಳೆಯ ಕೈಬರಹದ ಪಾಸ್‌ಪೋರ್ಟ್‌ಗಳಲ್ಲೂ ಮಕ್ಕಳಿಗೆ ಜಾಗ ಇತ್ತು. ಮಗು ಯಾರದ್ದು ಅಂತ ಕೇಳೋ ಪ್ರಮೇಯವೇ ಬರ್ತಿರಲಿಲ್ಲ. ದೊಡ್ಡವರ ಪುಸ್ತಕದಲ್ಲಿ ಅದೊಂದು ಸಾಲು.

ಹಾಗಂತ ಅದು ಒಳ್ಳೇ ಕಾಲ ಅಂತಲ್ಲ. ಆ ಪುಸ್ತಕ ಹಿಡಿದು ಹೆಂಡತಿ ಒಬ್ಬಳೇ ಎಲ್ಲಿಗೂ ಹೋಗೋ ಹಾಗಿರಲಿಲ್ಲ. ಅಮೆರಿಕದಲ್ಲಿ ಡೋರಿಸ್ ಫ್ಲೈಶ್‌ಮನ್ 1925ರಲ್ಲಿ ಮದುವೆಯಾದ ಮೇಲೂ ತವರಿನ ಹೆಸರಲ್ಲೇ ಪಾಸ್‌ಪೋರ್ಟ್ ಪಡೆದದ್ದು ದೊಡ್ಡ ಸುದ್ದಿಯಾಗಿತ್ತು.

ಈಗ 1980ಕ್ಕೆ ಬನ್ನಿ. ಆ ವರ್ಷ ಎರಡು ಸಂಗತಿ ನಡೆದವು. ಒಂದು, ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಯಂತ್ರ ಓದೋ ಪಾಸ್‌ಪೋರ್ಟ್‌ಗೆ ನಿಯಮ ಬರೆಯಿತು. ಫೋಟೋ ಇರೋ ಪುಟದ ಕೆಳಗೆ ಎರಡು ಸಾಲು ಅಕ್ಷರ-ಅಂಕಿ ಇರತ್ತಲ್ಲ, ಅದೇ. ಅಲ್ಲಿ ಸರ್‌ನೇಮ್ ಮೊದಲು, ನಮ್ಮ ಹೆಸರು ಆಮೇಲೆ. ಇನ್ನೊಂದು, ಹೇಗ್ ಒಪ್ಪಂದ. ಗಂಡ-ಹೆಂಡತಿ ಜಗಳದಲ್ಲಿ ಒಬ್ಬರು ಮಗುವನ್ನು ಎತ್ತಿಕೊಂಡು ಬೇರೆ ದೇಶಕ್ಕೆ ಹೋದರೆ, ಮಗುವನ್ನು ಬೇಗ ವಾಪಸ್ ಕಳಿಸಬೇಕು ಅನ್ನೋ ಒಪ್ಪಂದ ಅದು. ಭಾರತ ಇದಕ್ಕೆ ಸಹಿ ಹಾಕಿಲ್ಲ. ಮಗು ಭಾರತಕ್ಕೆ ಬಂದುಬಿಟ್ಟರೆ ಈ ಒಪ್ಪಂದ ಹಿಡಿದು ವಾಪಸ್ ಕರೆಸಿಕೊಳ್ಳೋಕೆ ಆಗಲ್ಲ. ವಿದೇಶದಲ್ಲಿರೋ ನಮ್ಮವರ ಮಕ್ಕಳ ವಿಷಯದಲ್ಲಿ ಅಲ್ಲಿನ ಕೋರ್ಟುಗಳು ಅಳುಕೋದಕ್ಕೆ ಇದೂ ಒಂದು ಕಾರಣ.

ಮಕ್ಕಳ ಅಪಹರಣ, ಸಾಗಣೆ ತಡೀಬೇಕು ಅಂತ ದೇಶಗಳು ಒಬ್ಬರಿಗೆ ಒಂದು ಪುಸ್ತಕ ಅನ್ನೋ ಪದ್ಧತಿಗೆ ಬಂದವು. ಬ್ರಿಟನ್ 1998ರಲ್ಲಿ, ಐರೋಪ್ಯ ಒಕ್ಕೂಟ 2012ರಲ್ಲಿ. ಉದ್ದೇಶವೇನೋ ಒಳ್ಳೆಯದೇ. ಆದರೆ ಮಗುವಿಗೆ ತನ್ನದೇ ಪುಸ್ತಕ ಸಿಕ್ಕಿತು, ಅಪ್ಪ-ಅಮ್ಮನ ಹೆಸರು ಅದರಿಂದ ಬಿಟ್ಟುಹೋಯಿತು! ಕೌಂಟರ್‌ನಲ್ಲಿ ಕೂತವರಿಗೆ ಸಂಬಂಧ ಊಹಿಸೋಕೆ ಉಳಿದದ್ದು ಸರ್‌ನೇಮ್ ಮಾತ್ರ. ಬ್ರಿಟನ್ನಿನ ಸಂಸದೆ ಟ್ಯುಲಿಪ್ ಸಿದ್ದಿಕ್ ಅವರನ್ನೇ, ಮಗಳ ಸರ್‌ನೇಮ್ ಬೇರೆ ಅಂತ ತಡೆದು ಪ್ರಶ್ನಿಸಿದ್ದರು. ಮಕ್ಕಳ ಪಾಸ್‌ಪೋರ್ಟ್‌ನಲ್ಲಿ ತಂದೆ-ತಾಯಿ ಇಬ್ಬರ ಹೆಸರೂ ಇರಲಿ ಅಂತ ಅವರು ಅಭಿಯಾನವನ್ನೇ ನಡೆಸಿದರು.

ಅವರು ಕೇಳಿದ ಆ ಪುಟ ನಮ್ಮಲ್ಲಿ ಮೊದಲಿಂದ ಇತ್ತು ನೋಡಿ. ಭಾರತದ ಪಾಸ್‌ಪೋರ್ಟ್‌ನ ಕೊನೇ ಪುಟದಲ್ಲಿ ತಂದೆ, ತಾಯಿ, ಗಂಡ ಅಥವಾ ಹೆಂಡತಿಯ ಹೆಸರು, ವಿಳಾಸ ಅಚ್ಚಾಗುತ್ತಿತ್ತು. ನಮ್ಮ ಹಳೇ ಮೈಸೂರು ಕಡೆಯವರಿಗೆ ಇದು ದೊಡ್ಡ ಅನುಕೂಲ. ಉತ್ತರ ಕರ್ನಾಟಕದಲ್ಲಾದರೆ ಅಡ್ಡಹೆಸರು ಅಂತ ಒಂದು ಇರತ್ತೆ, ಮನೆಮಂದಿಗೆಲ್ಲ ಅದೇ. ನಮ್ಮಲ್ಲಿ ಇನಿಷಿಯಲ್. ಅದನ್ನ ಬಿಡಿಸಿ ಸರ್‌ನೇಮ್ ಕಾಲಂಗೆ ಹಾಕಿದರೆ ಅಪ್ಪನಿಗೆ ಅವರಪ್ಪನ ಹೆಸರು, ಅಮ್ಮನಿಗೆ ಅವರಪ್ಪನ ಹೆಸರು, ಮಗುವಿಗೆ ತನ್ನಪ್ಪನ ಹೆಸರು. ಒಂದೇ ಮನೆ, ಮೂರು ಸರ್‌ನೇಮ್. ಅಂದರೆ ಅಮ್ಮನಿಗಷ್ಟೇ ಅಲ್ಲ, ಅಪ್ಪನಿಗೂ ಇದೇ ಪಾಡು. ಊರಲ್ಲಿ ಇದು ಯಾರಿಗೂ ವಿಚಿತ್ರ ಅನ್ನಿಸಲ್ಲ, ಯಂತ್ರಕ್ಕೆ ಅನ್ನಿಸತ್ತೆ.

ಆದರೆ ಆ ಪುಟ ಎಲ್ಲರಿಗೂ ಹಿತವಾಗಿರಲಿಲ್ಲ. ಹಿನ್ನೆಲೆ ಹೇಳ್ತೀನಿ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆ ಪ್ರಕಾರ ಮಗುವಿನ ಸಹಜ ಪಾಲಕ ತಂದೆ, ಅವನ ನಂತರ ತಾಯಿ. ಲೇಖಕಿ ಗೀತಾ ಹರಿಹರನ್ ಮಗನ ಹೆಸರಲ್ಲಿ ಬಾಂಡ್ ಕೊಳ್ಳೋಕೆ ಹೋದಾಗ ರಿಸರ್ವ್ ಬ್ಯಾಂಕ್ ತಂದೆಯ ಸಹಿ ಕೇಳಿತು. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1999ರಲ್ಲಿ ಕೋರ್ಟ್, 'ನಂತರ' ಅಂದರೆ ತಂದೆ ಸತ್ತ ಮೇಲೆ ಅಂತಲ್ಲ, ತಂದೆಯ ಗೈರುಹಾಜರಿಯಲ್ಲಿ ಅಂತ ಅರ್ಥ ಮಾಡಿತು. ಒಂದು ಪದದ ಅರ್ಥಕ್ಕೆ ಅಷ್ಟು ವರ್ಷ! ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ-ತಾಯಿ ಪೈಕಿ ಒಬ್ಬರ ಹೆಸರಿದ್ದರೆ ಸಾಕು ಅಂತಾಗಿದ್ದು ಇನ್ನೂ ತಡವಾಗಿ, 2016ರ ಡಿಸೆಂಬರ್‌ನಲ್ಲಿ.

2018ರ ಜನವರಿಯಲ್ಲಿ ವಿದೇಶಾಂಗ ಸಚಿವಾಲಯ ಕೊನೇ ಪುಟವನ್ನೇ ಅಚ್ಚು ಹಾಕಲ್ಲ ಅಂತ ಪ್ರಕಟಿಸಿತು. ಬಿಟ್ಟುಹೋದ ಅಪ್ಪನ ಹೆಸರನ್ನ ಮಗು ಯಾಕೆ ಹೊತ್ತು ತಿರುಗಬೇಕು ಅನ್ನೋ ಒಂಟಿ ತಾಯಂದಿರ ಅಹವಾಲು ಅದರ ಹಿಂದಿತ್ತು. ನನಗೆ ಅದು ನ್ಯಾಯವಾದ ಮಾತು ಅಂತಲೇ ಅನ್ನಿಸತ್ತೆ. ಆದರೆ ಅದೇ ಪುಟ ಇನ್ನೊಬ್ಬ ತಾಯಿಗೆ, ಈ ಮಗು ನನ್ನದೇ ಅಂತ ತೋರಿಸೋಕೆ ಬೇಕು. ಈ ಚರ್ಚೆ ನಡೆಯಬೇಕಾಗಿತ್ತು, ನಡೀಲಿಲ್ಲ. ಯಾಕಂದ್ರೆ ಅದೇ ಪ್ರಕಟಣೆಯಲ್ಲಿ, ವಲಸೆ ಅನುಮತಿ ಬೇಕಾದ ಕಾರ್ಮಿಕರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಅಂತಲೂ ಇತ್ತು. ಗದ್ದಲವೆಲ್ಲ ಅದರ ಮೇಲಾಯಿತು. ತಿಂಗಳು ಮುಗಿಯೋದರೊಳಗೆ ಎರಡೂ ನಿರ್ಧಾರ ವಾಪಸ್.

ಹೊರಡೋ ಯೋಚನೆ ಇರೋರಿಗೆ ಕೊನೇದಾಗಿ ಒಂದು ಮಾತು. ಕೊನೇ ಪುಟ ಒಂದನ್ನೇ ನಂಬಿಕೊಂಡು ಹೋಗಬೇಡಿ. ದಕ್ಷಿಣ ಆಫ್ರಿಕಾ 2015ರಲ್ಲಿ, ತಂದೆ-ತಾಯಿ ಹೆಸರಿರೋ ಪೂರ್ಣ ಜನನ ಪ್ರಮಾಣಪತ್ರ ಇಲ್ಲದ ಮಕ್ಕಳನ್ನ ವಿಮಾನವೇ ಹತ್ತಿಸಿಕೊಳ್ಳಬಾರದು ಅಂದಿತ್ತು. ಪ್ರವಾಸೋದ್ಯಮ ಕೂಗಾಡಿದ ಮೇಲೆ ವಿದೇಶಿ ಮಕ್ಕಳಿಗೆ ಅದನ್ನ ಸಡಿಲಿಸಿದರು. ಇಂಥ ನಿಯಮ ಯಾವಾಗ ಎಲ್ಲಿ ಬರತ್ತೆ ಹೇಳೋಕಾಗಲ್ಲ. ಜನನ ಪ್ರಮಾಣಪತ್ರ ಇಂಗ್ಲಿಷ್‌ನಲ್ಲೂ ಇರಲಿ, ಜೊತೆಗೆ ಬಾರದೇ ಇರೋರ ಒಪ್ಪಿಗೆ ಪತ್ರಕ್ಕೆ ನೋಟರಿ ಮಾಡಿಸಿ. ಎರಡನ್ನೂ ಸೂಟ್‌ಕೇಸ್‌ಗೆ ಹಾಕಬೇಡಿ, ಕೈಚೀಲದಲ್ಲಿಟ್ಟುಕೊಳ್ಳಿ.