ಒಂದೇ ಸಾಲಿನಲ್ಲಿ ತೆರಿಗೆ ಮತ್ತು ಶುಲ್ಕ: ಎಕ್ಸ್‌ಪೀಡಿಯಾ ಗ್ರಾಹಕ ದಾವೆಯ ಮರುಪರಿಶೀಲನೆ

ಆನ್‌ಲೈನ್ ಪ್ರವಾಸ ಕಂಪನಿಗಳ ಮೇಲೆ ಅಮೆರಿಕದಲ್ಲಿ ಹೂಡಲಾದ ದಾವೆಗಳ ಬಗ್ಗೆ ನಡೆದ ಕಾನೂನು ಚರ್ಚೆ ಹೆಚ್ಚಾಗಿ ತೆರಿಗೆಯ ಸುತ್ತಲೇ ತಿರುಗಿದೆ. ಹೋಟೆಲ್ ವಾಸ್ತವ್ಯದ ತೆರಿಗೆಯನ್ನು ಅತಿಥಿ ಕೊಟ್ಟ ಮೊತ್ತದ ಮೇಲೆ ಲೆಕ್ಕ ಹಾಕಬೇಕೋ, ಹೋಟೆಲಿನ ಕೈಸೇರಿದ ಮೊತ್ತದ ಮೇಲೋ ಎಂಬುದು ಅಲ್ಲಿನ ಪ್ರಶ್ನೆ. 2004ರಲ್ಲಿ ಲಾಸ್ ಏಂಜಲೀಸ್ ನಗರ ಇದನ್ನು ನ್ಯಾಯಾಲಯಕ್ಕೆ ಒಯ್ದಿತು. ಮುಂದೆ ಜಾರ್ಜಿಯಾ (2009), ಸೌತ್ ಕೆರೊಲಿನಾ (2011), ವಯೋಮಿಂಗ್ (2014) ರಾಜ್ಯಗಳ ಉಚ್ಚ ಪೀಠಗಳು ಸರ್ಕಾರದ ಪರ ತೀರ್ಪು ಕೊಟ್ಟರೆ, ಫ್ಲೋರಿಡಾ (2015) ಮತ್ತು ಕ್ಯಾಲಿಫೋರ್ನಿಯಾ (2016) ಕಂಪನಿಗಳ ಪರ ನಿಂತವು. ಟೆಕ್ಸಸ್‌ನ 173 ನಗರಗಳ ಪರವಾಗಿ ಸ್ಯಾನ್ ಆಂಟೋನಿಯೊ 2009ರಲ್ಲಿ ಜ್ಯೂರಿಯ ಮುಂದೆ ಗೆದ್ದದ್ದು 2017ರ ಮೇಲ್ಮನವಿಯಲ್ಲಿ ಬಿದ್ದುಹೋಯಿತು. ಫಲಿತಾಂಶ ಆಯಾ ಊರಿನ ತೆರಿಗೆ ಕಾನೂನಿನ ಒಕ್ಕಣೆಯನ್ನು ಅವಲಂಬಿಸಿದೆ ಎಂಬ ಸಾಮಾನ್ಯ ಅಭಿಪ್ರಾಯದ ಬಗ್ಗೆ ನನಗೆ ತಕರಾರಿಲ್ಲ.

ತಕರಾರು ಇರುವುದು ಬೇರೆಡೆ. ಗ್ರಾಹಕರೇ ಹೂಡಿದ ದಾವೆಗಳನ್ನು ಈ ಬರಹಗಳು ತೆರಿಗೆ ವಿವಾದದ ಬಾಲಂಗೋಚಿಯಂತೆ ಕಂಡಿವೆ. ನಗರಕ್ಕೆ ಸಲ್ಲದ ಹಣ ಗ್ರಾಹಕರಿಗಾದರೂ ಸಲ್ಲಬೇಕಲ್ಲವೇ ಎಂಬಷ್ಟೇ ಅವುಗಳ ವಾದವೆಂದು ತಿಳಿಯಲಾಗಿದೆ. ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿ ನ್ಯಾಯಾಲಯ ಎಕ್ಸ್‌ಪೀಡಿಯಾ ವಿರುದ್ಧ 2009ರ ಮೇ ತಿಂಗಳಲ್ಲಿ ಕೊಟ್ಟ ಆದೇಶವನ್ನು ಹೀಗೆ ಓದುವುದು ತಪ್ಪು. ಅದು ಕರಾರಿನ ಪ್ರಶ್ನೆ, ಇನ್ನೂ ಖಚಿತವಾಗಿ ಹೇಳುವುದಾದರೆ, ಶುಲ್ಕವೊಂದಕ್ಕೆ ಕಂಪನಿ ಕೊಟ್ಟ ಕಾರಣ ಕಂಪನಿಯನ್ನು ಕಟ್ಟಿಹಾಕುತ್ತದೆಯೇ ಎಂಬ ಪ್ರಶ್ನೆ.

ವ್ಯವಹಾರದ ಸ್ವರೂಪ ಹೀಗಿದೆ. ಹೋಟೆಲ್ ತನ್ನ ಕೊಠಡಿಯನ್ನು ಕಂಪನಿಗೆ 80 ಡಾಲರಿಗೆ ಬಿಟ್ಟುಕೊಡುತ್ತದೆ ಎಂದುಕೊಳ್ಳೋಣ. ಕಂಪನಿ ಗ್ರಾಹಕನಿಗೆ 100 ಡಾಲರ್ ದರ ತೋರಿಸುತ್ತದೆ. ಅದರ ಕೆಳಗೆ ‘ತೆರಿಗೆ ಮತ್ತು ಸೇವಾ ಶುಲ್ಕ’ ಎಂಬ ಒಂದೇ ಸಾಲಿನಲ್ಲಿ 12 ಡಾಲರ್ ಸೇರಿಸುತ್ತದೆ. ತೆರಿಗೆ ಶೇ. 10 ಆಗಿದ್ದು 80ರ ಮೇಲೆ ಲೆಕ್ಕ ಹಾಕಿದರೆ 8 ಡಾಲರ್ ತೆರಿಗೆಗೆ, ಉಳಿದ 4 ಡಾಲರ್ ಕಂಪನಿಗೆ. ಇವೆರಡನ್ನೂ ಬೇರೆಬೇರೆ ತೋರಿಸಿದರೆ ತೆರಿಗೆಯ ದರ ಬಲ್ಲ ಯಾರಾದರೂ 8ರಿಂದ 80ಕ್ಕೆ ಹಿಂದಕ್ಕೆ ಲೆಕ್ಕ ಹಾಕಿ ಕಂಪನಿಯ ಲಾಭಾಂಶ ಕಂಡುಹಿಡಿಯಬಹುದು. ಸಾಲು ಒಂದಾಗಿದ್ದುದಕ್ಕೆ ಉದ್ಯಮ ಕೊಡುತ್ತ ಬಂದ ಸಮರ್ಥನೆಯೂ ಇದೇ. ವ್ಯಾಪಾರದ ಗುಟ್ಟು ಕಾಯುವ ಹಕ್ಕು ಕಂಪನಿಗೆ ಇದೆ ಎಂದೇ ಒಪ್ಪೋಣ. ಆದರೆ ಆ ಗುಟ್ಟಿನ ಬೆಲೆಯಾಗಿ ಗ್ರಾಹಕ ತನ್ನ ಬಿಲ್ಲನ್ನು ತಾನೇ ಪರಿಶೀಲಿಸುವ ದಾರಿ ಕಳೆದುಕೊಂಡ. ಅವನ ಪಾಲಿಗೆ ಉಳಿದದ್ದು ಬಳಕೆಯ ಷರತ್ತುಗಳಲ್ಲಿದ್ದ ಒಂದು ಮಾತು ಮಾತ್ರ: ಬುಕಿಂಗ್ ನಿರ್ವಹಣೆಯ ವೆಚ್ಚ ಭರಿಸಲು ಈ ಸೇವಾ ಶುಲ್ಕ.

2003ರ ಫೆಬ್ರವರಿಯಿಂದ 2006ರ ಡಿಸೆಂಬರ್‌ವರೆಗೆ ಶುಲ್ಕ ತೆತ್ತವರ ಪರವಾಗಿ ನಡೆದ ಸಾಮೂಹಿಕ ದಾವೆ ನಿಂತದ್ದು ಆ ಮಾತಿನ ಮೇಲೆ. ಪೂರ್ಣ ವಿಚಾರಣೆಗೆ ಹೋಗದೆ, ದಾಖಲೆಗಳ ಆಧಾರದ ಮೇಲೆಯೇ ನ್ಯಾಯಾಲಯ ಕರಾರು ಉಲ್ಲಂಘನೆಯಾಗಿದೆ ಎಂದು ಹೇಳಿ ಸುಮಾರು 18.4 ಕೋಟಿ ಡಾಲರ್ ಪರಿಹಾರ ಗೊತ್ತುಮಾಡಿತು.

ಇದಕ್ಕೆ ಬರಬಹುದಾದ ಮೊದಲ ಆಕ್ಷೇಪ: ಗ್ರಾಹಕ ಒಟ್ಟು ಮೊತ್ತ ನೋಡಿಯೇ ಹಣ ಕಟ್ಟಿದ್ದಾನೆ, ಷರತ್ತಿನಲ್ಲಿದ್ದದ್ದು ವಿವರಣೆ, ವಾಗ್ದಾನವಲ್ಲ. ಈ ವಾದ ಒಟ್ಟು ಮೊತ್ತಕ್ಕೆ ಒಪ್ಪಿದ್ದನ್ನೂ ಅದರ ಒಳವಿಂಗಡಣೆಯ ಬಗ್ಗೆ ಹೇಳಿದ ಮಾತನ್ನು ಬಿಟ್ಟುಕೊಟ್ಟಿದ್ದನ್ನೂ ಒಂದೇ ಮಾಡುತ್ತದೆ. ಪರಿಶೀಲಿಸಲಾಗದ ಕಡೆ ಹೇಳಿದ ಮಾತಿಗೆ ತೂಕ ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ವಾಷಿಂಗ್ಟನ್ ಸುಪ್ರೀಂ ಕೋರ್ಟ್ 2005ರ ಹರ್ಸ್ಟ್ ಪ್ರಕರಣದಲ್ಲಿ ಹೇಳಿದಂತೆ, ಕರಾರನ್ನು ಓದುವಾಗ ಲೆಕ್ಕಕ್ಕೆ ಬರುವುದು ಮಾತಿನ ಪ್ರಕಟ ಅರ್ಥ, ಆಡದೆ ಉಳಿದ ಉದ್ದೇಶವಲ್ಲ. ಶುಲ್ಕವನ್ನು ಆದಾಯವೆಂದು ಕಂಪನಿ ಮನಸ್ಸಿನಲ್ಲಿ ಎಣಿಸಿದ್ದರೆ ಅದರಿಂದ ಗ್ರಾಹಕನಿಗೆ ಕೊಟ್ಟ ಮಾತು ಬದಲಾಗದು. ವೆಚ್ಚ ಎಂದರೆ ಕರೆ ಕೇಂದ್ರವೇ, ಕಾರ್ಡ್ ಪಾವತಿಯ ಖರ್ಚೇ, ಜಾಹೀರಾತೂ ಸೇರುತ್ತದೆಯೇ ಎಂಬ ಗೊಂದಲವನ್ನೂ ಷರತ್ತು ಬರೆದವರ ವಿರುದ್ಧವೇ ಬಿಡಿಸಬೇಕು.

ಎರಡನೆಯದು ನಿಜಕ್ಕೂ ಗಟ್ಟಿ ಆಕ್ಷೇಪ. ಶುಲ್ಕ ಇಳಿಸಿದ್ದರೆ ಕಂಪನಿ ಅಷ್ಟೇ ಹಣವನ್ನು ಕೊಠಡಿಯ ದರಕ್ಕೆ ಸೇರಿಸುತ್ತಿತ್ತು, ಹಾಗಿದ್ದರೆ ನಷ್ಟವೆಲ್ಲಿ? ನನ್ನ ಉತ್ತರ: ದರ ಹುಡುಕುವವನ ಕಣ್ಣಿಗೆ ಮೊದಲು ಬೀಳುತ್ತದೆ, ಪೈಪೋಟಿ ನಡೆಯುವುದು ಅಲ್ಲಿ, ಶುಲ್ಕ ಬರುವುದು ಆಮೇಲೆ. ಫೆಡರಲ್ ಟ್ರೇಡ್ ಕಮಿಷನ್‌ನ ಅರ್ಥಶಾಸ್ತ್ರಜ್ಞೆ ಮೇರಿ ಸಲಿವನ್ ಅವರ 2017ರ ವರದಿ ಕಡ್ಡಾಯ ಶುಲ್ಕವನ್ನು ದರದಿಂದ ಬೇರ್ಪಡಿಸುವುದು ಗ್ರಾಹಕನ ಹುಡುಕಾಟದ ಹೊರೆ ಹೆಚ್ಚಿಸುತ್ತದೆ ಎನ್ನುತ್ತದೆ. ಆ ವರದಿ ಹೋಟೆಲುಗಳ ರೆಸಾರ್ಟ್ ಶುಲ್ಕವನ್ನು ಕುರಿತದ್ದು, ಪ್ರವಾಸ ಕಂಪನಿಗಳ ಸೇವಾ ಶುಲ್ಕವನ್ನಲ್ಲ. ಆದ್ದರಿಂದ ಅದರ ಬೆಂಬಲ ಪರೋಕ್ಷ. ಆದರೂ ಹಣವನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಸರಿಸಿದರೆ ಏನೂ ಆಗದು ಎಂಬ ಊಹೆಯನ್ನು ಅದು ದುರ್ಬಲಗೊಳಿಸುತ್ತದೆ.

ಇಲ್ಲಿಂದ ಒಂದು ಹೆಜ್ಜೆ ಮುಂದಿಡುತ್ತೇನೆ. ತೆರಿಗೆ ದಾವೆಗಳಲ್ಲಿ ಉದ್ಯಮದ ನಿಲುವು, ಹೋಟೆಲಿಗೆ ಹೋಗದ ಹಣ ತಮ್ಮ ಸೇವೆಯ ಗಳಿಕೆ, ಕೊಠಡಿಯ ಬಾಡಿಗೆಯಲ್ಲ ಎಂಬುದು. ಗ್ರಾಹಕನಿಗೆ ಹೇಳಿದ್ದು, ಶುಲ್ಕ ವೆಚ್ಚಕ್ಕಾಗಿ ಎಂದು. ಒಂದೇ ಹಣ ಒಂದು ಕಡೆ ಗಳಿಕೆ, ಇನ್ನೊಂದು ಕಡೆ ವೆಚ್ಚ. ಈ ಎರಡು ನಿಲುವುಗಳು ಒಟ್ಟಿಗೆ ನಿಲ್ಲಲಾರವು ಎಂಬುದು ನನ್ನ ವಾದ. ಇದಕ್ಕೆ ಮಿತಿಗಳಿವೆ. ತೆರಿಗೆ ದಾವೆಗಳ ಪ್ರತಿವಾದಿಗಳು ಹಲವರು, ಅವರವರ ಷರತ್ತುಗಳು ಬೇರೆ. ಶುಲ್ಕವನ್ನು ವೆಚ್ಚಕ್ಕೆ ಕಟ್ಟದೆ ಬರೀ ಸೇವೆಯ ಬೆಲೆ ಎಂದಿದ್ದ ಕಂಪನಿಗೆ ಈ ಮಾತು ತಾಗದು. ಒಂದು ನ್ಯಾಯಾಲಯದಲ್ಲಿ ಹಿಡಿದ ನಿಲುವು ಇನ್ನೊಂದರಲ್ಲಿ ತಾನಾಗಿಯೇ ಕಂಪನಿಯ ಬಾಯಿ ಕಟ್ಟುತ್ತದೆ ಎಂದೂ ನಾನು ಹೇಳುತ್ತಿಲ್ಲ. ನಾನು ತೋರಿಸಬಯಸುವುದು ಇಷ್ಟು: ಗ್ರಾಹಕ ದಾವೆ ತೆರಿಗೆ ದಾವೆಯ ನೆರಳಲ್ಲ, ತೆರಿಗೆಯಲ್ಲಿ ಕಂಪನಿ ಪೂರ್ತಿ ಗೆದ್ದರೂ ಇಲ್ಲಿ ಸೋಲಬಹುದು, ಗೆದ್ದ ಕಾರಣಕ್ಕೇ ಸೋಲಬಹುದು.

2009ರ ಆದೇಶದ ಬಲವನ್ನು ಉತ್ಪ್ರೇಕ್ಷಿಸಬಾರದು. ಅದು ವಿಚಾರಣಾ ನ್ಯಾಯಾಲಯದ್ದು. ಪ್ರಕರಣ ಅದೇ ವರ್ಷ ರಾಜಿಯಾದ್ದರಿಂದ ಮೇಲಿನ ಪೀಠದ ಒರೆಗೆ ಅದು ಹತ್ತಲೇ ಇಲ್ಲ. ಆದರೆ 2024ರ ಡಿಸೆಂಬರಿನಲ್ಲಿ ಅಂತಿಮಗೊಂಡು 2025ರ ಮೇ 12ರಿಂದ ಜಾರಿಗೆ ಬಂದ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ, ವಾಸ್ತವ್ಯದ ಒಟ್ಟು ಬೆಲೆಯನ್ನು ಮೊದಲೇ ತೋರಿಸಬೇಕು ಎನ್ನುವುದರ ಜೊತೆಗೆ ಶುಲ್ಕದ ಸ್ವರೂಪ ಮತ್ತು ಉದ್ದೇಶವನ್ನು ತಪ್ಪಾಗಿ ಹೇಳುವುದನ್ನೂ ನಿಷೇಧಿಸಿದೆ. ಇದನ್ನು ಕುರಿತ ಚರ್ಚೆಗಳು ಮೊದಲ ಭಾಗದಲ್ಲೇ ನಿಂತುಬಿಡುತ್ತವೆ; ಕಿಂಗ್ ಕೌಂಟಿಯ ತರ್ಕಕ್ಕೆ ಹತ್ತಿರವಿರುವುದು ಎರಡನೆಯದು. ಭಾರತದಲ್ಲಿ ಮೋಸದ ವಿನ್ಯಾಸಗಳ ವಿರುದ್ಧ 2023ರ ನವೆಂಬರಿನಲ್ಲಿ ಬಂದ ಮಾರ್ಗಸೂಚಿಯು ಬೆಲೆಯ ಅಂಶಗಳನ್ನು ಮೊದಲು ಮುಚ್ಚಿಟ್ಟು ತಡವಾಗಿ ತೋರಿಸುವುದನ್ನು ಹೆಸರಿಸಿ ತಡೆಯುತ್ತದೆ. ಮೊದಲೇ ತೋರಿಸಿದ, ಆದರೆ ಹೇಳಿದ ಕಾರಣಕ್ಕಲ್ಲದೆ ವಸೂಲಾದ ಶುಲ್ಕವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅನುಚಿತ ವ್ಯಾಪಾರ ಪದ್ಧತಿಯ ವ್ಯಾಖ್ಯೆಯೊಳಗೆ ತರಬಹುದೇ ಎಂಬುದು ಪ್ರತ್ಯೇಕ ಅಧ್ಯಯನ ಬೇಡುವ ಪ್ರಶ್ನೆ.